“ಏನೂ ಇಲ್ಲ, ಟೆನ್ಷನ್ ಅಷ್ಟೇ” ಅಂದಾಗ ಏನು ಮಾಡಬೇಕು?

ಎರಡು ವರ್ಷ ನನಗೆ ಮೆಟ್ಟಿಲು ಅಂದರೆ ಭಯ. ಒಂದು ಮಹಡಿ ಹತ್ತುವಷ್ಟರಲ್ಲಿ ಎದೆ ಡವಡವ ಅನ್ನುತ್ತಿತ್ತು. ಕಂಬಿ ಹಿಡಿದು ನಿಂತು, ಫೋನ್ ನೋಡುವವಳ ಹಾಗೆ ನಟಿಸಿ, ಉಸಿರು ಹತೋಟಿಗೆ ಬಂದಮೇಲೆ ಮುಂದಿನ ಮೆಟ್ಟಿಲು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮೂವರು ಡಾಕ್ಟರುಗಳಿಗೆ ತೋರಿಸಿದೆ. ಮೂವರೂ ನಗುನಗುತ್ತಲೇ ಮಾತಾಡಿಸಿದರು. “ಮನೇನೂ ನೋಡ್ಕೋಬೇಕು, ಕೆಲಸಾನೂ ಮಾಡ್ಬೇಕು, ಟೆನ್ಷನ್ ಆಗೇ ಆಗುತ್ತೆ. ಚೆನ್ನಾಗಿ ನಿದ್ದೆ ಮಾಡಿ” ಅಂದರು. ಒಬ್ಬರು ರಕ್ತಪರೀಕ್ಷೆಯನ್ನೂ ಮಾಡಿಸಿದರು. ಹಿಮೋಗ್ಲೋಬಿನ್ 12.1. “ನಾರ್ಮಲ್ ಇದೆ, ಆರಾಮಾಗಿರಿ.”

ನಾಲ್ಕನೆಯವರು ಒಂದು ಪ್ರಶ್ನೆ ಕೇಳಿದರು. “ಪೀರಿಯಡ್ಸ್ ಟೈಮಲ್ಲಿ ರಾತ್ರಿ ಪ್ಯಾಡ್ ಬದಲಾಯಿಸೋಕೆ ಎಷ್ಟು ಸಲ ಏಳ್ತೀರಿ?” ಮೂರು ಸಲ, ಅಂದೆ. ಎಲ್ಲರೂ ಏಳುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಫೆರಿಟಿನ್ ಪರೀಕ್ಷೆ ಬರೆದುಕೊಟ್ಟರು. ದೇಹದಲ್ಲಿ ಕಬ್ಬಿಣಾಂಶ ಎಷ್ಟು ಉಳಿದಿದೆ ಅಂತ ತಿಳಿಸುವ ಪರೀಕ್ಷೆ ಅದು. 15ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನದು 6 ಇತ್ತು.

ದೇಹ ಅದೇ, ಕಾಯಿಲೆ ಅದೇ, ನಾನೂ ಅವಳೇ. ಬದಲಾದದ್ದು ಪ್ರಶ್ನೆ. ಆ ಪ್ರಶ್ನೆ ಕೇಳುವ ಡಾಕ್ಟರ್ ಸಿಗಲಿ ಅಂತ ನೀವು ಎರಡು ವರ್ಷ ಕಾಯಬಾರದು. ಅವರು ಕೇಳದಿದ್ದರೂ ಉತ್ತರ ಅವರ ಮೇಜಿನ ಮೇಲಿರುವ ಹಾಗೆ ಮಾಡಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಇದು ಗೊತ್ತಿರಲಿ

ನಿಮ್ಮ ಮಾತಿಗೆ ಬೆಲೆ ಸಿಗದಿದ್ದಾಗ “ನಾನೇ ಜಾಸ್ತಿ ಮಾಡ್ತಿದ್ದೀನೇನೋ” ಅಂತ ಅನಿಸುತ್ತದೆ. ಅದಕ್ಕೇ ಈ ಹಿನ್ನೆಲೆ ಹೇಳುತ್ತಿದ್ದೇನೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1977ರಲ್ಲಿ ಒಂದು ಸೂಚನೆ ಹೊರಡಿಸಿತು. ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಮೊದಲ ಹಂತದ ಪ್ರಯೋಗಗಳಿಂದ ದೂರ ಇಡಿ ಅಂತ. ಬಸುರಿಯರು ತೆಗೆದುಕೊಂಡ ಥಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದ್ದ ನೆನಪು ಇನ್ನೂ ಹಸಿಯಾಗಿತ್ತು. ಭಯಕ್ಕೆ ಕಾರಣ ಇತ್ತು, ನಿಜ. ಆದರೆ ಫಲ ಏನಾಯಿತು? ಔಷಧ ಗಂಡಸಿನ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ, ಅದೇ ಲೆಕ್ಕದಲ್ಲಿ ಹೆಂಗಸರಿಗೂ ಕೊಟ್ಟರು. ಆ ಸೂಚನೆ ಹಿಂದಕ್ಕೆ ಹೋದದ್ದು 1993ರಲ್ಲಿ. ಅಷ್ಟರಲ್ಲಿ, ಆಸ್ಪಿರಿನ್ ಹೃದಯಾಘಾತ ತಡೆಯುತ್ತದಾ ಅಂತ ನೋಡಿದ ಹೆಸರಾಂತ ಅಧ್ಯಯನದ ಫಲಿತಾಂಶ 1989ರಲ್ಲಿ ಬಂದಿತ್ತು. ಅದರಲ್ಲಿದ್ದವರು 22,071 ಡಾಕ್ಟರುಗಳು. ಅಷ್ಟೂ ಜನ ಗಂಡಸರು.

ನಿದ್ದೆ ಮಾತ್ರೆ ಜೋಲ್ಪಿಡೆಮ್ ಕತೆಯೂ ಹೀಗೇ. ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1992ರಲ್ಲಿ. ಹೆಂಗಸರ ದೇಹದಿಂದ ಆ ಔಷಧ ನಿಧಾನಕ್ಕೆ ಹೊರಹೋಗುತ್ತದೆ, ಬೆಳಗ್ಗೆ ಎದ್ದು ಗಾಡಿ ಓಡಿಸುವಾಗಲೂ ರಕ್ತದಲ್ಲಿ ಉಳಿದಿರುತ್ತದೆ ಅಂತ ಎಫ್‌ಡಿಎ ಹೆಂಗಸರ ಡೋಸನ್ನು 10 ಮಿಲಿಗ್ರಾಮಿನಿಂದ 5ಕ್ಕೆ ಇಳಿಸಲು ಹೇಳಿದ್ದು 2013ರಲ್ಲಿ.

ಇನ್ನು ನೋವಿನ ಮಾತು. ಅಮೆರಿಕದ ಒಂದು ತುರ್ತು ವಿಭಾಗದಲ್ಲಿ ಹೊಟ್ಟೆನೋವಿಗೆ ಬಂದವರನ್ನು ಗಮನಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ನೋವುನಿವಾರಕ ಸಿಗಲು ಗಂಡಸರು ಕಾದದ್ದು 49 ನಿಮಿಷ, ಹೆಂಗಸರು 65 ನಿಮಿಷ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೃದಯಾಘಾತದ ದಾಖಲೆಗಳನ್ನು ಲೀಡ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ನೋಡಿದಾಗ, ಮೊದಲ ರೋಗನಿರ್ಣಯ ತಪ್ಪಾಗುವ ಸಾಧ್ಯತೆ ಹೆಂಗಸರಲ್ಲಿ ಶೇ 50ರಷ್ಟು ಜಾಸ್ತಿ ಇತ್ತು.

ಮೈಗೆ ಏನೇ ಆದರೂ ಮನಸ್ಸಿನ ಮೇಲೆ ಹಾಕುವ ಅಭ್ಯಾಸ ಬಹಳ ಹಳೆಯದು. ಹಿಸ್ಟೀರಿಯಾ ಅನ್ನುವ ಪದ ಹುಟ್ಟಿದ್ದೇ ಗರ್ಭಕೋಶಕ್ಕಿರುವ ಗ್ರೀಕ್ ಪದದಿಂದ. ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟದ್ದು 1980ರಲ್ಲಿ. ಮೊನ್ನೆ ಮೊನ್ನೆ ಅನ್ನಬೇಕು.

ಹಾಗಂತ ನಿಮ್ಮ ಡಾಕ್ಟರ್ ನಿಮ್ಮ ಶತ್ರು ಅಂತ ನಾನು ಹೇಳುತ್ತಿಲ್ಲ. ಅವರು ಓದಿದ ಪುಸ್ತಕದಲ್ಲೇ ನಿಮ್ಮ ದೇಹದ ಬಗ್ಗೆ ಕಡಿಮೆ ಬರೆದಿತ್ತು. ಲೇಡಿ ಡಾಕ್ಟರ್ ಓದಿದ್ದೂ ಅದೇ ಪುಸ್ತಕ. ಹಾಗಾಗಿ ಹೆಣ್ಣು ಡಾಕ್ಟರ್ ಹತ್ತಿರ ಹೋದರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ.

ಹಂತ 1: ಹೋಗುವ ಮುಂಚೆ ಎರಡು ವಾರ ಬರೆದಿಡಿ

ಇದೊಂದನ್ನು ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

“ತುಂಬಾ ಸುಸ್ತು” ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಅವರೂ ಸುಸ್ತಾಗೇ ಕೂತಿರುತ್ತಾರೆ. “ಒಂದು ಮಹಡಿ ಹತ್ತುವಾಗ ಎರಡು ಸಲ ನಿಲ್ಲುತ್ತೇನೆ, ಆರು ತಿಂಗಳ ಹಿಂದೆ ನಿಲ್ಲುತ್ತಿರಲಿಲ್ಲ” ಅಂದರೆ ಗೊತ್ತಾಗುತ್ತದೆ. ನೋವು ಎಷ್ಟಿದೆ ಅನ್ನುವುದಕ್ಕಿಂತ, ಆ ನೋವಿನಿಂದ ನೀವು ಏನನ್ನು ಮಾಡಲಾಗದೆ ಬಿಟ್ಟಿರಿ ಅನ್ನುವುದನ್ನು ಬರೆಯಿರಿ. ಕೆಲಸಕ್ಕೆ ಎಷ್ಟು ದಿನ ರಜೆ ಹಾಕಿದಿರಿ? ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಯಿತು? ಮಗುವನ್ನು ಎತ್ತಿಕೊಳ್ಳಲು ಆಯಿತಾ? ಬಕೆಟ್ ಎತ್ತಲು ಆಯಿತಾ? ಬಟ್ಟೆ ಒಣಹಾಕಲು ಕೈ ಮೇಲಕ್ಕೆ ಹೋಯಿತಾ?

ನನ್ನ ತಂಗಿಗೆ ಹೊಟ್ಟೆನೋವು ಇದ್ದಾಗ ನಾನು ಬರೆಸಿದ ಪುಟ ಹೀಗಿತ್ತು:

ಸೋಮವಾರ – ಪೀರಿಯಡ್ಸ್ 1ನೇ ದಿನ. ಬೆಳಗ್ಗೆ 4ಕ್ಕೆ ನೋವಿನಿಂದ ಎಚ್ಚರ. ಎರಡು ಸಲ ವಾಂತಿ. ಮಾತ್ರೆ ತಗೊಂಡೆ, ನೋವು 10ರಲ್ಲಿ 9ರಿಂದ 7ಕ್ಕೆ ಇಳಿಯಿತು. ಆಫೀಸಿಗೆ ಹೋಗಲಿಲ್ಲ.
ಮಂಗಳವಾರ – ಟಾಯ್ಲೆಟ್‌ಗೆ ಕೂತಾಗ ಹಿಂದುಗಡೆ ಚಾಕು ಚುಚ್ಚಿದ ಹಾಗೆ. ಪ್ಯಾಡ್ 7.
ಶುಕ್ರವಾರ – ನೋವಿಲ್ಲ. ಎಲ್ಲ ಕೆಲಸ ಮಾಡಿದೆ.

ಕೊನೆಯ ಸಾಲು ನೋಡಿ. ನೋವಿಲ್ಲದ ದಿನವನ್ನೂ ಬರೆಯಬೇಕು. ನೋವು ತಿಂಗಳ ಯಾವ ಹೊತ್ತಿಗೆ ಬರುತ್ತದೆ, ಯಾವಾಗ ಹೋಗುತ್ತದೆ ಅನ್ನುವ ಲೆಕ್ಕ ಸಿಗುವುದೇ ಆಗ. ಎರಡನೇ ಸಾಲು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ನಾಚಿಕೆ. ಆದರೆ ಪೀರಿಯಡ್ಸ್ ಸಮಯದಲ್ಲಿ ಮಲವಿಸರ್ಜನೆಗೆ ಕೂತಾಗ ನೋವಾಗುವುದು ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗಡೆ ಬೆಳೆಯುವ ಕಾಯಿಲೆ) ಕಡೆ ಬೆರಳು ತೋರಿಸುವ ದೊಡ್ಡ ಸುಳಿವು. ಬಾಯಲ್ಲಿ ಬಾರದ್ದು ಕಾಗದದಲ್ಲಿ ಬಂತು. ಹಾಳೆಯನ್ನೇ ಕೈಗೆ ಕೊಟ್ಟಳು.

ರಕ್ತಸ್ರಾವ ಜಾಸ್ತಿ ಅಂತ ಅನುಮಾನ ಇದ್ದರೆ ಅಳೆಯಲು ದಾರಿ ಇದೆ. ಗಂಟೆಗೊಂದು ಪ್ಯಾಡ್ ಒದ್ದೆಯಾಗಿ, ಹಾಗೇ ಹಲವು ಗಂಟೆ ಮುಂದುವರಿದರೆ ಜಾಸ್ತಿ. 7 ದಿನ ದಾಟಿದರೆ ಜಾಸ್ತಿ. ಸುಮಾರು 2.5 ಸೆಂಟಿಮೀಟರಿಗಿಂತ ದೊಡ್ಡ ರಕ್ತದ ಗಡ್ಡೆಗಳು ಹೋದರೆ ಜಾಸ್ತಿ. ರಾತ್ರಿ ಎದ್ದು ಬದಲಾಯಿಸಬೇಕಾದರೂ ಜಾಸ್ತಿ. ಇದು ನನಗೆ ಮೊದಲೇ ಗೊತ್ತಿದ್ದರೆ!

ಎಲ್ಲ ಸೇರಿ ಒಂದು ಪುಟ ಮೀರದಿರಲಿ. ಜೊತೆಗೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು ಮತ್ತು ಡೋಸ್ ಬರೆಯಿರಿ, ಗರ್ಭನಿರೋಧಕ ಮಾತ್ರೆಯೂ ಸೇರಿ. ಅಮ್ಮ, ಅಕ್ಕತಂಗಿಯರಿಗೆ ಇದ್ದ ಕಾಯಿಲೆಗಳನ್ನೂ ಬರೆಯಿರಿ. ನೋವು ದಿನೇದಿನೇ ಏರುತ್ತಿದ್ದರೆ, ಎದೆಯಲ್ಲಿ ಗಂಟು ಸಿಕ್ಕಿದರೆ, ಮುಟ್ಟು ನಿಂತು ವರ್ಷವಾದಮೇಲೆ ರಕ್ತ ಕಂಡರೆ ಎರಡು ವಾರ ಬರೆಯುತ್ತಾ ಕೂರಬೇಡಿ, ಆದಷ್ಟು ಬೇಗ ಹೋಗಿ ತೋರಿಸಿ.

ಹಂತ 2: ಮೊದಲ ವಾಕ್ಯ ಮನೆಯಲ್ಲೇ ತಯಾರು ಮಾಡಿ

ನಾವು ಹೇಗೆ ಶುರು ಮಾಡುತ್ತೇವೆ ಗೊತ್ತಲ್ವಾ? “ಅಷ್ಟೇನಿಲ್ಲ ಡಾಕ್ಟ್ರೇ, ಸುಮ್ನೆ ಒಂದ್ಸಲ ತೋರಿಸೋಣ ಅಂತ ಬಂದೆ.” ನೋವಿನಿಂದ ರಾತ್ರಿಯಿಡೀ ನಿದ್ದೆಯಿಲ್ಲದೆ ಹೋದವಳೂ ಹೀಗೇ ಹೇಳುತ್ತಾಳೆ. ಬೇರೆಯವರಿಗೆ ತೊಂದರೆ ಕೊಡಬಾರದು ಅಂತ ಕಲಿತ ಬಾಯಿ ಅದು. ಆ ಒಂದು ವಾಕ್ಯ ಕೇಳಿದ ಡಾಕ್ಟರ್ “ಅಷ್ಟೇನಿಲ್ಲ” ಅಂತಲೇ ನಂಬುತ್ತಾರೆ.

1984ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ರೋಗಿ ಮಾತು ಶುರುಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ಮಧ್ಯೆ ಬಾಯಿ ಹಾಕುತ್ತಿದ್ದರು. ಆದ್ದರಿಂದ ಮುಖ್ಯವಾದದ್ದು ಮೊದಲೇ ಬರಲಿ. ವಾಕ್ಯದಲ್ಲಿ ಮೂರು ವಿಷಯ ಇರಬೇಕು: ಏನಾಗುತ್ತಿದೆ, ಎಷ್ಟು ದಿನದಿಂದ, ಅದರಿಂದ ಏನು ನಿಂತುಹೋಗಿದೆ. “ನಾಲ್ಕು ತಿಂಗಳಿಂದ ಕೆಳಹೊಟ್ಟೆ ನೋವು, ತಿಂಗಳಿಗೆ ಮೂರು ದಿನ ಕೆಲಸಕ್ಕೆ ಹೋಗಲು ಆಗುತ್ತಿಲ್ಲ. ಕಾರಣ ಏನು ಅಂತ ತಿಳಿಯಬೇಕು.” ಕನ್ನಡಿ ಮುಂದೆ ಎರಡು ಸಲ ಹೇಳಿ ನೋಡಿ. ಹೇಳಿ ಮುಗಿಸಿದ ಮೇಲೆ ಸುಮ್ಮನಿರಿ. ಮೌನ ತುಂಬಿಸಲು “ಬಿಸಿಲಿಗೂ ಇರಬಹುದೇನೋ” ಅಂತ ನೀವೇ ಸೇರಿಸಬೇಡಿ.

ಇನ್ನೊಂದು ತಪ್ಪು ನಾನೂ ಮಾಡಿದ್ದೇನೆ. ಎಲ್ಲ ಮುಗಿದು ಎದ್ದು ಬಾಗಿಲ ಹತ್ತಿರ ಹೋದಮೇಲೆ “ಇನ್ನೊಂದು ವಿಷಯ...” ಅನ್ನುವುದು. ಹೇಳಲು ಮುಜುಗರ ಆಗುವುದೇ ಮೊದಲು ಹೇಳಬೇಕಾದದ್ದು.

ಹಂತ 3: ಜೊತೆಗೆ ಒಬ್ಬರು ಬರಲಿ, ಆದರೆ ಅವರಿಗೆ ಕೆಲಸ ಕೊಡಿ

ಜೊತೆಗಿರುವವರು ಸುಮ್ಮನೆ ಕೂತರೆ ಪ್ರಯೋಜನ ಕಡಿಮೆ. ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ಕೊಡಿ. ಪಟ್ಟಿಯಲ್ಲಿ ಏನಾದರೂ ನೀವು ಮರೆತರೆ ನೆನಪಿಸಲಿ. “ಇವಳು ಯಾವತ್ತೂ ರಜೆ ಹಾಕುವವಳಲ್ಲ, ಈ ತಿಂಗಳು ನಾಲ್ಕು ಸಲ ಹಾಕಿದ್ದಾಳೆ” ಅಂತ ಕಣ್ಣಾರೆ ಕಂಡದ್ದನ್ನು ಹೇಳಲಿ. ಇನ್ನೊಬ್ಬರು ಹೇಳಿದಾಗ ಅದೇ ಮಾತಿಗೆ ತೂಕ ಬರುವುದು ಬೇಸರದ ವಿಷಯ. ಆದರೆ ಈಗ ನಿಮಗೆ ಚಿಕಿತ್ಸೆ ಮುಖ್ಯ.

ಕೆಲವು ಡಾಕ್ಟರುಗಳು ಪಕ್ಕದಲ್ಲಿ ಕೂತ ಗಂಡನನ್ನೋ ಅಣ್ಣನನ್ನೋ ನೋಡಿ ಮಾತಾಡುತ್ತಾರೆ. ಹಾಗಾದರೆ ಏನು ಮಾಡಬೇಕು ಅಂತ ಮನೆಯಲ್ಲೇ ಮಾತಾಡಿಕೊಂಡು ಹೋಗಿ. ಅವರು “ಅವಳನ್ನೇ ಕೇಳಿ ಡಾಕ್ಟರ್” ಅಂದು ನಿಮ್ಮ ಕಡೆ ತಿರುಗಲಿ, ಸಾಕು. ಅವರೆದುರು ಹೇಳಲಾಗದ ವಿಷಯ ಇದ್ದರೆ “ಐದು ನಿಮಿಷ ಒಬ್ಬಳೇ ಮಾತಾಡಬೇಕು” ಅಂತ ಕೇಳಿ. ಕೇಳಲು ನಿಮಗೆ ಹಕ್ಕಿದೆ, ಕಾರಣ ಕೊಡಬೇಕಾಗಿಲ್ಲ.

ಹಂತ 4: ಕೇಳಿ ಕೇಳಿ ಸಾಕಾದ ಮಾತುಗಳಿಗೆ ಉತ್ತರ

“ಟೆನ್ಷನ್ ಅಷ್ಟೇ.” ಇರಬಹುದು. ಟೆನ್ಷನ್ ನಿಜವಾದ ತೊಂದರೆಯೇ, ಅದಕ್ಕೂ ಚಿಕಿತ್ಸೆ ಬೇಕು. ಹಾಗಾಗಿ ಅಲ್ಲಗಳೆಯುತ್ತಾ ಜಗಳಕ್ಕೆ ನಿಲ್ಲಬೇಡಿ. “ಟೆನ್ಷನ್ ಇದೆ, ಒಪ್ಪುತ್ತೇನೆ. ಅದರ ಜೊತೆ ಬೇರೆ ಏನಿರಬಹುದು? ಏನೇನು ಅಲ್ಲ ಅಂತ ನೋಡಿದ್ದೀರಿ, ಹೇಗೆ ಗೊತ್ತಾಯಿತು?” ಅಂತ ಕೇಳಿ. ನನಗೆ ಗೊತ್ತಿರುವ ಪ್ರಶ್ನೆಗಳಲ್ಲಿ ಅತ್ಯಂತ ಉಪಯೋಗಕ್ಕೆ ಬರುವುದು ಇದೇ. ಎದೆ ಡವಡವ, ಕೈ ನಡುಕ, ನಿದ್ದೆ ಬಾರದಿರುವುದು ಆತಂಕದಿಂದಲೂ ಬರುತ್ತದೆ, ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಬರುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಥೈರಾಯ್ಡ್ ತೊಂದರೆ ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಜಾಸ್ತಿ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗಳಲ್ಲೂ ಹಾಗೇ. ಅಂಥ ಕಾಯಿಲೆಗಳಿರುವ ಐವರಲ್ಲಿ ಸುಮಾರು ನಾಲ್ವರು ಹೆಂಗಸರು. ಅವು ಶುರುವಾಗುವುದು ಹೆಚ್ಚಾಗಿ ಸುಸ್ತು, ಕೀಲುನೋವು, ಸಣ್ಣ ಜ್ವರದಿಂದ. “ಟೆನ್ಷನ್” ಅಂತ ಹೇಳಿ ಕಳಿಸಲು ಸುಲಭವಾದ ಲಕ್ಷಣಗಳು ಇವೇ.

“ರಿಪೋರ್ಟ್ ಎಲ್ಲಾ ನಾರ್ಮಲ್.” ಯಾವ ಪರೀಕ್ಷೆ, ಎಷ್ಟು ಬಂತು ಅಂತ ಸಂಖ್ಯೆ ಕೇಳಿ, ಪ್ರತಿ ತೆಗೆದುಕೊಳ್ಳಿ. ಯಾವ ಪರೀಕ್ಷೆ ಮಾಡಿಲ್ಲ ಅಂತಲೂ ಕೇಳಿ. ನನ್ನ 12.1 ನಿಜಕ್ಕೂ ನಾರ್ಮಲ್ಲೇ. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅನ್ನುತ್ತಾರೆ. ಆದರೆ ಹಿಮೋಗ್ಲೋಬಿನ್ ಕೆಳಗಿಳಿಯುವ ಮುಂಚೆಯೇ ಕಬ್ಬಿಣಾಂಶದ ದಾಸ್ತಾನು ಖಾಲಿಯಾಗಿರುತ್ತದೆ. ಅದನ್ನು ಯಾರೂ ಅಳೆದಿರಲಿಲ್ಲ.

“ಪೀರಿಯಡ್ಸ್ ನೋವು ಎಲ್ಲರಿಗೂ ಇರುತ್ತೆ, ಮಗು ಆದ್ಮೇಲೆ ಸರಿಹೋಗುತ್ತೆ.” ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಎಂಡೊಮೆಟ್ರಿಯೋಸಿಸ್ ಮಕ್ಕಳಾಗುವ ವಯಸ್ಸಿನ ಸುಮಾರು ಶೇ 10ರಷ್ಟು ಹೆಂಗಸರಿಗೆ ಇದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನಲ್ಲಿ ಸುಮಾರು 19 ಕೋಟಿ ಜನ. ನೋವು ಶುರುವಾಗಿ ಕಾಯಿಲೆಯ ಹೆಸರು ಗೊತ್ತಾಗುವಷ್ಟರಲ್ಲಿ ಎಷ್ಟೋ ಜನರಿಗೆ ವರ್ಷಗಳೇ ಕಳೆದಿರುತ್ತವೆ. ಬಸಿರು ಅದಕ್ಕೆ ಮದ್ದಲ್ಲ. ಸ್ಕ್ಯಾನ್ ನಾರ್ಮಲ್ ಬಂದರೂ ಕಾಯಿಲೆ ಇರಬಹುದು, ಸಣ್ಣ ಕಲೆಗಳು ಸಾಮಾನ್ಯ ಅಲ್ಟ್ರಾಸೌಂಡಿನಲ್ಲಿ ಕಾಣುವುದಿಲ್ಲ. ಹೇಳಬೇಕಾದದ್ದು ಇಷ್ಟೇ: “ಮಾತ್ರೆ ತಗೊಂಡರೂ ಕೆಲಸಕ್ಕೆ ಹೋಗಲಾಗುತ್ತಿಲ್ಲ. ಎಂಡೊಮೆಟ್ರಿಯೋಸಿಸ್ ಇರಬಹುದಾ? ಅದರಲ್ಲಿ ಅನುಭವ ಇರುವವರ ಹತ್ತಿರ ಕಳಿಸುತ್ತೀರಾ?”

“ತೂಕ ಇಳಿಸಿ.” ಇಳಿಸಬೇಕಾಗಿಯೂ ಇರಬಹುದು. “ಇದೇ ತೊಂದರೆಯಿಂದ ಸಣ್ಣಗಿರುವವರು ಬಂದರೆ ಯಾವ ಪರೀಕ್ಷೆ ಮಾಡಿಸುತ್ತಿದ್ದಿರಿ? ನನಗೂ ಅದನ್ನೇ ಮಾಡಿಸಿ” ಅನ್ನಿ.

“ಗ್ಯಾಸ್.” ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಕೆಳಹೊಟ್ಟೆ ನೋವು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಇವು ಹೊಸದಾಗಿ ಶುರುವಾಗಿ ವಾರಗಟ್ಟಲೆ ಹೆಚ್ಚುಕಮ್ಮಿ ದಿನಾ ಇದ್ದರೆ ಅಂಡಾಶಯವನ್ನು ಪರೀಕ್ಷೆ ಮಾಡಿಸಿ ಅಂತ ಕೇಳಬೇಕು. ಹೆಚ್ಚಿನ ಸಲ ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಅಂಡಾಶಯದ ಕ್ಯಾನ್ಸರ್ ತಡವಾಗಿ ಗೊತ್ತಾಗುವುದು ಈ ಲಕ್ಷಣಗಳನ್ನು ಹೊಟ್ಟೆಕೆಟ್ಟಿದ್ದು ಅಂದುಕೊಳ್ಳುವುದರಿಂದಲೂ ಹೌದು. 50 ದಾಟಿದವರು ಇದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು.

ಹಂತ 5: ಇಲ್ಲ ಅಂದರೆ ಬರೆಯಿಸಿ

ನೀವು ಕೇಳಿದ ಪರೀಕ್ಷೆ ಬೇಡ ಅಂದರು ಅನ್ನಿ. ಕೇಳಿದ ಪರೀಕ್ಷೆಯನ್ನೆಲ್ಲ ಮಾಡಲೇಬೇಕು ಅಂತಿಲ್ಲ. ಬೇಡದ ಸ್ಕ್ಯಾನಿನಿಂದ ದುಡ್ಡೂ ಹೋಗುತ್ತದೆ, ಇಲ್ಲದ ಭಯವೂ ಹುಟ್ಟುತ್ತದೆ. ಡಾಕ್ಟರ್ ಕಾರಣ ವಿವರಿಸಿ ಅದು ನಿಮಗೆ ಸರಿ ಅನಿಸಿದರೆ ಒಪ್ಪಿಕೊಳ್ಳಿ. ಕಾರಣ ಹೇಳದೆ ತಳ್ಳಿಹಾಕಿದರೆ ಮೆಲ್ಲಗೆ ಹೀಗೆ ಕೇಳಿ: “ನಾನು ಈ ಪರೀಕ್ಷೆ ಕೇಳಿದೆ, ಈ ಕಾರಣಕ್ಕೆ ಬೇಡ ಅಂತ ತೀರ್ಮಾನಿಸಿದ್ದೀರಿ ಅಂತ ನನ್ನ ಫೈಲಿನಲ್ಲಿ ಬರೆಯುತ್ತೀರಾ? ಅದರ ಪ್ರತಿ ನನಗೂ ಬೇಕು.”

ದನಿ ಏರಿಸಬೇಕಾಗಿಲ್ಲ. ಬರೆಯಲು ಕೂತಾಗ ಮನುಷ್ಯ ಇನ್ನೊಂದು ಸಲ ಯೋಚಿಸುತ್ತಾನೆ. ಕಾರಣ ಗಟ್ಟಿಯಿದ್ದರೆ ಬರೆಯುತ್ತಾರೆ, ಇಲ್ಲದಿದ್ದರೆ ಎಷ್ಟೋ ಸಲ ಪರೀಕ್ಷೆಗೇ ಚೀಟಿ ಬರೆಯುತ್ತಾರೆ. ಅಳು ಬಂದರೆ ಬರಲಿ. ಅತ್ತಮೇಲೆ “ಎರಡು ವರ್ಷದಿಂದ ಯಾರೂ ಕೇಳಿಸಿಕೊಂಡಿಲ್ಲ, ಅದಕ್ಕೆ ಅಳು ಬಂತು. ನನ್ನ ಪ್ರಶ್ನೆ ಇನ್ನೂ ಇದೆ” ಅಂತ ಪಟ್ಟಿಗೆ ವಾಪಸ್ ಬನ್ನಿ.

ಹಂತ 6: ಒಳಪರೀಕ್ಷೆ, ಕಾಪರ್-ಟಿ, ಬಯಾಪ್ಸಿ ಇದ್ದಾಗ

“ಇರುವೆ ಕಚ್ಚಿದಷ್ಟು ನೋವು” ಅನ್ನುತ್ತಾರೆ. ಕೆಲವರಿಗೆ ಅಷ್ಟೇ ಆಗುತ್ತದೆ, ಇನ್ನು ಕೆಲವರು ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಗರ್ಭಕೋಶದೊಳಗೆ ಗರ್ಭನಿರೋಧಕ ಸಾಧನ ಹಾಕುವ ಮುಂಚೆ ನೋವಿನ ಬಗ್ಗೆ, ನೋವು ತಡೆಯುವ ದಾರಿಗಳ ಬಗ್ಗೆ ಪ್ರತಿಯೊಬ್ಬರ ಜೊತೆ ಮಾತಾಡಬೇಕು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ತನ್ನ ಶಿಫಾರಸುಗಳಲ್ಲಿ ಸೇರಿಸಿತು. ಮರಗಟ್ಟಿಸುವ ಲಿಡೊಕೇಯ್ನ್ ಉಪಯೋಗವಾಗಬಹುದು ಅಂತಲೂ ಹೇಳಿತು. ಆದ್ದರಿಂದ ಬೆಡ್ ಮೇಲೆ ಮಲಗುವ ಮೊದಲೇ, ಬಟ್ಟೆ ಹಾಕಿಕೊಂಡು ಕೂತಿರುವಾಗಲೇ ಕೇಳಿ: “ನೋವಿಗೆ ಏನು ಕೊಡುತ್ತೀರಿ? ನಾನು ನಿಲ್ಲಿಸಿ ಅಂದರೆ ನಿಲ್ಲಿಸುತ್ತೀರಾ?” ಎರಡನೇ ಪ್ರಶ್ನೆಗೆ ಹೌದು ಅನ್ನದವರ ಮುಂದೆ ಮಲಗಬೇಡಿ.

ಹೊಸ ಮಾತ್ರೆ ಬರೆದಾಗ “ನನ್ನ ತೂಕಕ್ಕೆ ಈ ಡೋಸ್ ಸರಿಯಾ? ಹೆಂಗಸರಿಗೆ ಬೇರೆ ಅಡ್ಡಪರಿಣಾಮ ಇದೆಯಾ? ನನ್ನ ಗರ್ಭನಿರೋಧಕ ಮಾತ್ರೆ ಜೊತೆ ಆಗುತ್ತಾ?” ಅಂತ ಕೇಳಿ. ಔಷಧ ಅಂಗಡಿಯ ಫಾರ್ಮಸಿಸ್ಟ್ ಹತ್ತಿರವೂ ಇದನ್ನು ಕೇಳಬಹುದು.

ತುರ್ತು ಇದ್ದಾಗ ಮೇಲಿನದೆಲ್ಲ ಮರೆತುಬಿಡಿ

ಹೃದಯಾಘಾತದಲ್ಲಿ ಹೆಂಗಸರಿಗೂ ಎದೆನೋವೇ ಹೆಚ್ಚಾಗಿ ಬರುವ ಲಕ್ಷಣ. ಆದರೆ ಅದು ಒತ್ತಿದ ಹಾಗೆ, ಹಿಂಡಿದ ಹಾಗೆ ಇರಬಹುದು. ಅದರ ಜೊತೆ ಅಥವಾ ಅದಿಲ್ಲದೆಯೂ ದವಡೆ, ಕುತ್ತಿಗೆ, ಬೆನ್ನಿನ ಮೇಲ್ಭಾಗದಲ್ಲಿ ನೋವು, ಉಸಿರು ಕಟ್ಟುವುದು, ವಾಕರಿಕೆ, ತಣ್ಣನೆ ಬೆವರು, ಹಿಂದೆಂದೂ ಇಲ್ಲದ ಸುಸ್ತು ಬರುವುದು ಹೆಂಗಸರಲ್ಲಿ ಜಾಸ್ತಿ. ಆಂಬ್ಯುಲೆನ್ಸ್ ಕರೆಸಿ. ಆಸ್ಪತ್ರೆಯಲ್ಲಿ “ಎದೆ ಉರಿ ಅನಿಸುತ್ತೆ” ಅನ್ನಬೇಡಿ. “ಹಾರ್ಟ್ ಅಟ್ಯಾಕ್ ಇರಬಹುದು ಅಂತ ಭಯ ಆಗಿದೆ, ಇಸಿಜಿ ಮಾಡಿ” ಅನ್ನಿ. ಎದೆನೋವಿನಿಂದ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅಂತ ಹೃದ್ರೋಗದ ಮಾರ್ಗಸೂಚಿಗಳೇ ಹೇಳುತ್ತವೆ. ಒಂದು ಇಸಿಜಿ ನಾರ್ಮಲ್ ಬಂದರೆ ಅಪಾಯ ಇಲ್ಲ ಅಂತಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ದರೆ ತೋರಿಸುವ ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆ ಕೇಳಿ, ಕೆಲವು ಗಂಟೆ ಬಿಟ್ಟು ಮತ್ತೆ ಮಾಡಬೇಕಾ ಅಂತ ಕೇಳಿ. ಇದರಲ್ಲಿ ನಾರ್ಮಲ್ ಅನ್ನುವ ಮೇಲ್ಮಿತಿ ಹೆಂಗಸರಿಗೆ ಗಂಡಸರದಕ್ಕಿಂತ ಕಡಿಮೆ. ಅತಿ ಸೂಕ್ಷ್ಮವಾದ ಒಂದು ಪರೀಕ್ಷೆಯಲ್ಲಿ ಗಂಡಸರಿಗೆ 34, ಹೆಂಗಸರಿಗೆ 16. ಇಬ್ಬರಿಗೂ ಒಂದೇ ಮಿತಿ ಇಟ್ಟರೆ ಹೆಂಗಸಿನ ರಿಪೋರ್ಟ್ ಸುಮ್ಮನೆ ನಾರ್ಮಲ್ ಅಂತ ಬಂದುಬಿಡಬಹುದು.

ಹೆರಿಗೆಯಾಗಿ ಕೆಲವೇ ವಾರ ಆಗಿದ್ದರೆ ಮೊದಲ ಮಾತೇ ಅದಾಗಲಿ: “ಹೆರಿಗೆಯಾಗಿ ಎಂಟು ದಿನ.” ಜೋರು ತಲೆನೋವು, ಕಣ್ಣು ಮಂಜು, ಉಸಿರಾಡಲು ಕಷ್ಟ, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ನಿಲ್ಲದ ರಕ್ತ, ಜ್ವರ. ಇವುಗಳಲ್ಲಿ ಯಾವುದನ್ನೂ “ಬಾಣಂತಿ ಸುಸ್ತು” ಅಂತ ಬಿಡಬಾರದು.

ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ತಮಗಾದದ್ದನ್ನು ತಾವೇ ಹೇಳಿಕೊಂಡಿದ್ದಾರೆ. 2017ರ ಸೆಪ್ಟೆಂಬರಿನಲ್ಲಿ ಸಿಸೇರಿಯನ್ ಆಗಿ ಮಗಳು ಹುಟ್ಟಿದ ಮಾರನೆ ದಿನ ಅವರಿಗೆ ಉಸಿರು ಸಿಗದಂತಾಯಿತು. ಹಿಂದೊಮ್ಮೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಲಕ್ಷಣ ಅವರಿಗೆ ಗೊತ್ತಿತ್ತು. ಕೋಣೆಯಿಂದ ಎದ್ದು ಹೊರಗೆ ಬಂದು ನರ್ಸ್ ಹತ್ತಿರ ಸಿಟಿ ಸ್ಕ್ಯಾನ್ ಮಾಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡಿ ಅಂದರು. ನೋವಿನ ಔಷಧದಿಂದ ಗೊಂದಲವಾಗಿರಬೇಕು ಅಂದುಕೊಂಡರು ಆ ನರ್ಸ್. ಡಾಕ್ಟರ್ ಬಂದು ಕಾಲಿಗೆ ಅಲ್ಟ್ರಾಸೌಂಡ್ ಮಾಡಿದರು, ಏನೂ ಸಿಗಲಿಲ್ಲ. ಸೆರೆನಾ ಪಟ್ಟು ಬಿಡಲಿಲ್ಲ. ಕೊನೆಗೆ ಸಿಟಿ ಮಾಡಿದರೆ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತದ ಹಲವು ಗಡ್ಡೆಗಳು. ಜಗತ್ತೇ ಗುರುತಿಸುವ ಆಟಗಾರ್ತಿಯ ಮಾತಿಗೇ ಹೀಗಾಯಿತು. ಅವರು ಬಳಸಿದ ಮಾತು ಗಮನಿಸಿ: ಏನೋ ಆಗುತ್ತಿದೆ ಅನ್ನಲಿಲ್ಲ. ಹಳೆಯ ಕಾಯಿಲೆ ಗೊತ್ತಿದ್ದರಿಂದ ಬೇಕಾದ ಪರೀಕ್ಷೆ, ಬೇಕಾದ ಔಷಧ, ಎರಡನ್ನೂ ಹೆಸರಿಟ್ಟು ಹೇಳಿದರು. ನಿಮ್ಮ ಹಳೆಯ ಕಾಯಿಲೆಗಳ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಮನೆಯವರ ಫೋನಿನಲ್ಲೂ ಇರಲಿ.

ಹಂತ 7: ಇನ್ನೊಬ್ಬರ ಹತ್ತಿರ ಹೋಗುವಾಗ

ಎರಡು ಸಲ ಹೋಗಿ, ಪಟ್ಟಿ ತೋರಿಸಿ, ಪ್ರಶ್ನೆ ಕೇಳಿದಮೇಲೂ ಏನೂ ಮುಂದೆ ಹೋಗದಿದ್ದರೆ ಡಾಕ್ಟರ್ ಬದಲಾಯಿಸಿ. ಇದು ಅವರಿಗೆ ಮಾಡುವ ಅವಮಾನ ಅಂತ ಯಾಕಂದುಕೊಳ್ಳುತ್ತೇವೋ. ಒಳ್ಳೆಯ ಡಾಕ್ಟರುಗಳು ತಾವೇ ಇನ್ನೊಬ್ಬರ ಅಭಿಪ್ರಾಯ ಕೇಳಿ ಅನ್ನುತ್ತಾರೆ. ಎಲ್ಲ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಮೇಲೆ ನಿಮ್ಮ ಒಂದು ಪುಟದ ಪಟ್ಟಿ ಇಡಿ. ಅವಮಾನ ಮಾಡಿ ಮಾತಾಡಿದ್ದರೆ, ಅನುಮತಿಯಿಲ್ಲದೆ ಪರೀಕ್ಷೆ ಮಾಡಿದ್ದರೆ, ಅವತ್ತೇ ತಾರೀಖು, ಸಮಯ, ಆಡಿದ ಮಾತು ಬರೆದು ಆಸ್ಪತ್ರೆಗೆ ಲಿಖಿತ ದೂರು ಕೊಡಿ.

ಹೊಸ ಡಾಕ್ಟರ್ ಮುಂದೆ ಕೂತಾಗ ಹಿಂದಿನವರು ಏನಂದರು ಅಂತ ಶುರು ಮಾಡಬೇಡಿ. “ಅವರು ಟೆನ್ಷನ್ ಅಂದಿದ್ರು” ಅನ್ನುವುದು ಮೊದಲೇ ಕಿವಿಗೆ ಬಿದ್ದರೆ ಇವರೂ ಅದೇ ದಾರಿ ಹಿಡಿಯುವ ಸಾಧ್ಯತೆ ಇದೆ. ಮೊದಲು ಲಕ್ಷಣಗಳನ್ನು ಹೇಳಿ, ಪಟ್ಟಿ ಕೊಡಿ, ಅವರು ಯೋಚಿಸಲಿ. ರಿಪೋರ್ಟುಗಳನ್ನು ಆಮೇಲೆ ಮುಂದಿಡಿ. ಏನನ್ನೂ ಮುಚ್ಚಿಡುವುದು ಬೇಡ, ಕ್ರಮ ಬದಲಾಯಿಸಿ ಸಾಕು.

ಏಳುವ ಮುಂಚೆ ಎರಡು ಪ್ರಶ್ನೆ ಉಳಿದಿರುತ್ತವೆ. “ಇದು ಎಷ್ಟು ದಿನದಲ್ಲಿ ಕಡಿಮೆಯಾಗಬೇಕು? ಆಗದಿದ್ದರೆ ಮುಂದಿನ ಹೆಜ್ಜೆ ಏನು?” ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನ ಬರೆದದ್ದು ಇನ್ನೂ ಇದೆ: “ಕಬ್ಬಿಣದ ಮಾತ್ರೆ. ಗರ್ಭಕೋಶದ ಸ್ಕ್ಯಾನ್. ಮೂರು ತಿಂಗಳಿಗೆ ಮತ್ತೆ ಫೆರಿಟಿನ್. ಏರದಿದ್ದರೆ ಇಂಜೆಕ್ಷನ್.” ಮೂರು ತಿಂಗಳಿಗೆ ಹೋದಾಗ 31 ಇತ್ತು. ಲಿಫ್ಟ್ ಕೆಟ್ಟಿತ್ತು ಅಂತ ಎರಡನೇ ಮಹಡಿಗೆ ಮೆಟ್ಟಿಲು ಹತ್ತಿಕೊಂಡೇ ಹೋಗಿದ್ದೆ.